ಗಾಜಿನ ಕೆಲಸಕ್ಕೆ ಗಾಳಿ

ಖಾನಾಪುರದ ಹಂಚು, ಇಟ್ಟಿಗೆ ಭಟ್ಟಿಗಳ ಮೇಲೆ ಕಾದ ಗಾಳಿ ಏಳುವಾಗ ಅದರಾಚೆಯ ಮರ, ಗುಡ್ಡ ನಡುಗಿದಂತೆ ಕಾಣುತ್ತವೆ. ಕಾದಲ್ಲಿ ಗಾಳಿ ವಿರಳವಾಗಿ ಬೆಳಕಿನ ದಾರಿ ಬಾಗುತ್ತದೆ. ಗಾಜಿನ ವಕ್ರೀಭವನಾಂಕ ಸುಮಾರು 1.5, ಗಾಳಿಯದು ಬರೀ 1.0003, ಇಷ್ಟರಿಂದ ಏನಾದೀತು ಎನಿಸಬಹುದು. ಆದರೆ ಅತಿ ಪ್ರಬಲ ಲೇಸರ್ ಹಾಯ್ದರೆ ಗಾಜು ಸೀಳಿಬಿಡುತ್ತದೆ, ಅನಿಲಕ್ಕೆ ಸೀಳುವ ಮೈಯೇ ಇಲ್ಲ. ಹಾಗಾಗಿ ಲೇಸರನ್ನು ತಿರುಗಿಸುವ ಕೆಲಸವನ್ನು ಈಗ ಅನಿಲಕ್ಕೇ ಒಪ್ಪಿಸುತ್ತಿದ್ದಾರೆ. ಈ ವಿದ್ಯೆಯ ಚರಿತ್ರೆಯನ್ನು 1960ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಮಾಡಿದ ಅನಿಲ ಮಸೂರಗಳಿಂದ ಆರಂಭಿಸಬಹುದು. ಆದರೆ ಅದರ ಗಣಿತದ ಬೇರು ಲೇಸರ್ ಹುಟ್ಟುವುದಕ್ಕೆ ಕಾಲು ಶತಮಾನ ಮೊದಲೇ ಬೆಂಗಳೂರಿನಲ್ಲಿ ಇಳಿದಿತ್ತು ಎಂಬುದು ನನ್ನ ವಾದ.

1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲೂಕಾ ಮತ್ತು ಬಿಕಾರ್ ದ್ರವದೊಳಗೆ ಶ್ರವಣಾತೀತ ಶಬ್ದ ಹಾಯಿಸಿ, ಅದಕ್ಕೆ ಅಡ್ಡಲಾಗಿ ಬಿಟ್ಟ ಬೆಳಕು ಹಲವು ಕವಲುಗಳಾಗಿ ಒಡೆಯುವುದನ್ನು ಕಂಡರು. ಅಷ್ಟೊಂದು ಕವಲು ಏಕೆ, ಶಬ್ದ ಜೋರಾದಂತೆ ಹೊಳಪು ಒಂದರಿಂದ ಇನ್ನೊಂದಕ್ಕೆ ಅಲೆಯುವುದೇಕೆ ಎಂಬುದಕ್ಕೆ ಆಗಿನ ವಿವರಣೆಗಳು ಸಾಲಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935–36ರಲ್ಲಿ ಐದು ಪ್ರಬಂಧಗಳಲ್ಲಿ ಉತ್ತರ ಕೊಟ್ಟರು. ಅವು ಅಚ್ಚಾದದ್ದು ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಶಬ್ದದಿಂದ ಮಾಧ್ಯಮ ಪದರಪದರವಾಗಿ ದಟ್ಟ, ವಿರಳವಾಗುತ್ತದೆ. ದಟ್ಟ ಪದರದಲ್ಲಿ ಬೆಳಕಿನ ಅಲೆ ಹಿಂದೆ ಬಿದ್ದು, ಸಪಾಟಾಗಿದ್ದ ಅದರ ಮುಖ ಸುಕ್ಕುಗಟ್ಟಿ ಹೊರಬರುತ್ತದೆ. ಸುಕ್ಕಿನ ಆಳ ತಿಳಿದರೆ ಪ್ರತಿ ಕವಲಿನ ಹೊಳಪನ್ನೂ ಲೆಕ್ಕಹಾಕಬಹುದು. ಎಷ್ಟು ತಿಳಿಯಾದ ವಿಚಾರ! ಬೆಳಗಾವಿಯಲ್ಲಿ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲೇಸರ್ ಪಾಠ ಓದುತ್ತಾರೆ. ಅದರ ಜೊತೆಗೆ ಈ ಕತೆಯನ್ನೂ ಅವರು ಓದಬೇಕೆಂಬುದು ನನ್ನ ಆಸೆ.

ಆಕ್ಷೇಪ ಬರುವುದು ಸಹಜ: ರಾಮನ್, ನಾಗೇಂದ್ರನಾಥ್ ವಿವರಿಸಿದ್ದು ದ್ರವದ ಪ್ರಯೋಗಗಳನ್ನು, ಲೇಸರನ್ನು ಇವರು ಊಹಿಸಿಯೂ ಇರಲಿಲ್ಲ. ನಿಜ, ಆದರೆ ಆ ಲೆಕ್ಕದಲ್ಲಿ ಮಾಧ್ಯಮದ ಕಡೆಯಿಂದ ಬರುವುದು ವಕ್ರೀಭವನಾಂಕದ ಏರಿಳಿತ, ಪದರಗಳ ಅಂತರ, ಮಾಧ್ಯಮದ ದಪ್ಪ ಮಾತ್ರ; ಅದು ದ್ರವವೋ ಅನಿಲವೋ ಎಂಬುದಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಅವರ ಮೊದಲ, ಸರಳ ಸೂತ್ರದಂತೆ ಯಾವುದೇ ಪಕ್ಕದ ಕವಲಿಗೆ ಶೇ. 34ಕ್ಕಿಂತ ಹೆಚ್ಚು ಬೆಳಕು ಹೋಗದು. ಆದರೆ 2020ರಲ್ಲಿ ಟೋಕಿಯೊದ ಮಿಚಿನೆ ಮತ್ತು ಯೊನೆಡಾ ಓಝೋನ್ ಬೆರೆಸಿದ ಅನಿಲವನ್ನು ನೇರಳಾತೀತ ಲೇಸರಿನಿಂದ ಕಾಯಿಸಿ ಪದರ ಮೂಡಿಸಿ ಶೇ. 96ರಷ್ಟು ಬೆಳಕನ್ನು ತಿರುಗಿಸಿದರು, ಆ ಅನಿಲ ಚದರ ಸೆಂಟಿಮೀಟರಿಗೆ 1.6 ಕಿಲೋಜೂಲ್ ತಾಳಿತು. 2023ರಲ್ಲಿ ಹ್ಯಾಂಬರ್ಗಿನ ಡೇಸಿ ಸಂಸ್ಥೆಯವರು ಬರೀ ಗಾಳಿಯಲ್ಲಿ ಶ್ರವಣಾತೀತ ಶಬ್ದ ಎಬ್ಬಿಸಿ, 20 ಗಿಗಾವಾಟ್ ಲೇಸರ್ ಮಿಡಿತಗಳ ಅರ್ಧಕ್ಕಿಂತ ಹೆಚ್ಚು ಪಾಲನ್ನು ತಿರುಗಿಸಿದರು. ಇವು ದಪ್ಪ ಮಾಧ್ಯಮದಲ್ಲಿ, ಓರೆಯಾಗಿ ಬೀಳುವ ಬೆಳಕಿನ ಪ್ರಯೋಗಗಳು. ಸರಳ ಸೂತ್ರ ಇಲ್ಲಿ ಸಾಲದು. ಆದರೆ ರಾಮನ್–ನಾಥ್ ಅಲ್ಲಿಗೇ ನಿಲ್ಲಲಿಲ್ಲ. ಕೊನೆಯ ಪ್ರಬಂಧಗಳಲ್ಲಿ ಒಂದು ಕವಲಿನಿಂದ ಪಕ್ಕದ ಕವಲಿಗೆ ಬೆಳಕು ದಾಟುವ ಸಮೀಕರಣ ಸರಣಿಯನ್ನೇ ಬರೆದರು. ಅದರಲ್ಲಿ ಎರಡೇ ಕವಲು ಉಳಿಸಿಕೊಂಡರೆ ಪೂರ್ತಿ ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವ ಸಾಧ್ಯತೆ ಸಿಗುತ್ತದೆ. ಓಝೋನಿನ ಉಪಾಯ ಟೋಕಿಯೊದವರದು, ತೆರೆದ ಗಾಳಿಯ ಧೈರ್ಯ ಹ್ಯಾಂಬರ್ಗಿನವರದು. ಆ ದಾಟುವಿಕೆಯ ಲೆಕ್ಕ 1936ರ ಬೆಂಗಳೂರಿನದು.