ಘೋಸ್ಟ್‌ಕ್ಯಾಚಿಂಗ್

ಬಿಲ್ ಟಿ. ಜೋನ್ಸ್, ಪಾಲ್ ಕೈಸರ್, ಶೆಲ್ಲಿ ಎಶ್ಕರ್
ನ್ಯೂಯಾರ್ಕ್, 1999
ಡಿಜಿಟಲ್ ಅನಿಮೇಷನ್ ಮತ್ತು ಧ್ವನಿ

ತೆರೆಯ ಮೇಲೆ ಕುಣಿಯುವ ಈ ಗೆರೆಯ ಆಕೃತಿಗಳಿಗೆ ಮೈಬಣ್ಣವಿಲ್ಲ, ಮಾಂಸಖಂಡವಿಲ್ಲ. ಆದರೂ ಚಲನೆಯೆಲ್ಲ ಒಬ್ಬನೇ ನರ್ತಕನದು: ಅಮೆರಿಕದ ಆಧುನಿಕ ನೃತ್ಯದ ಹೆಸರಾಂತ ಸಂಯೋಜಕ ಬಿಲ್ ಟಿ. ಜೋನ್ಸ್ ಅವರದು.

ಬೆಳಕನ್ನು ಪ್ರತಿಫಲಿಸುವ ಪುಟ್ಟ ಗುರುತುಗಳನ್ನು ಮೈಗೆ ಅಂಟಿಸಿಕೊಂಡು ಜೋನ್ಸ್ ಕುಣಿದರು. ಸುತ್ತಲಿನ ಕ್ಯಾಮೆರಾಗಳು ದಾಖಲಿಸಿದ್ದು ಅವರ ರೂಪವನ್ನಲ್ಲ. ಆ ಗುರುತುಗಳು ಪ್ರತಿ ಕ್ಷಣ ಎಲ್ಲಿದ್ದವು ಎಂಬುದನ್ನು ಮಾತ್ರ. ಹೀಗೆ ಸಿಕ್ಕ ಚಲನೆಗೆ ಕೈಸರ್ ಮತ್ತು ಎಶ್ಕರ್ ಕಂಪ್ಯೂಟರಿನಲ್ಲಿ ಹೊಸ ಮೈ ಕೊಟ್ಟರು. ಕಂಪ್ಯೂಟರ್ ಅನಿಮೇಷನ್ ನುಣುಪಿನ ಬೆನ್ನು ಹತ್ತಿದ್ದ ಕಾಲದಲ್ಲಿ ಅವರು ಇದ್ದಿಲಿನಿಂದ ಎಳೆದಂಥ ಒರಟು ಗೆರೆಯನ್ನು ಆರಿಸಿಕೊಂಡರು. ದಿಟ್ಟ ಆಯ್ಕೆ ಅದು. ಕೃತಿಯ ಜೀವ ಇರುವುದೂ ಅಲ್ಲೇ. ಕೇಳಿಬರುವ ಹಾಡು, ಮಾತು ಜೋನ್ಸ್ ಅವರವೇ.

ಕೈಯ ಬೀಸನ್ನು ಗಮನಿಸಿ. ಕೈ ಸರಿದುಹೋದ ಮೇಲೂ ಅದು ಹಾದ ದಾರಿ ಗೆರೆಯಾಗಿ ಉಳಿಯುತ್ತದೆ. ನೃತ್ಯ ಮುಗಿದೊಡನೆ ಮಾಯವಾಗುವ ಕಲೆ. ಇಲ್ಲಿ ಅದು ಕಣ್ಣೆದುರೇ ಚಿತ್ರವಾಗುತ್ತಾ ಹೋಗುತ್ತದೆ.

ಸುಮಾರು ಎಂಟೂವರೆ ನಿಮಿಷದ ಈ ಕೃತಿ ಪ್ರತಿಷ್ಠಾಪನಾ ಕಲೆಯಾಗಿ ಮೊದಲು ಪ್ರದರ್ಶನಗೊಂಡದ್ದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜಿನ ಗ್ಯಾಲರಿಯಲ್ಲಿ. ಜೋನ್ಸ್ ಅವರ ಚಲನೆಯ ಅದೇ ದಾಖಲೆಗಳಿಗೆ ಮರಳಿ, 2010ರಲ್ಲಿ ಕೈಸರ್, ಎಶ್ಕರ್ ಮತ್ತು ಡಿಜಿಟಲ್ ಕಲಾವಿದ ಮಾರ್ಕ್ ಡೌನಿ ‘ಆಫ್ಟರ್ ಘೋಸ್ಟ್‌ಕ್ಯಾಚಿಂಗ್’ ಎಂಬ 3ಡಿ ಕೃತಿಯನ್ನು ರೂಪಿಸಿದರು.