ವೈಕೋಮ್‌ನಲ್ಲಿ ನಡೆಯಬೇಕಾದ ನಾಲ್ಕು ಬೀದಿ

ಗೆಳೆಯರೇ, ಕೇರಳಕ್ಕೆ ಟೂರ್ ಹೋಗ್ತೀವಿ ಅನ್ನೋರಿಗೆಲ್ಲ ನಾನು ಹೇಳೋದು ಒಂದೇ. ಅಲೆಪ್ಪಿಯ ದೋಣಿಮನೆ ಆಮೇಲಿರಲಿ, ಒಂದು ದಿನ ವೈಕೋಮ್‌ನಲ್ಲಿ ಇಳ್ಕೊಳ್ಳಿ. ವೆಂಬನಾಡ್ ಹಿನ್ನೀರಿನ ದಡದ ಸಣ್ಣ ಪಟ್ಟಣ. ಗೈಡ್ ಬೇಡ, ಆಟೋನೂ ಬೇಡ. ಮಹಾದೇವ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಸುಮ್ನೆ ನಡೀರಿ. ಈ ಊರಲ್ಲಿ ಜಗಳ ಆಗಿದ್ದೇ ನಡೆಯೋದಕ್ಕೆ.

ದೋಣಿ ಜೆಟ್ಟಿಯಿಂದ ಶುರು ಮಾಡಿ. ಅಲ್ಲಿಂದ ಗುಡಿಯ ಕಡೆ ಬಂದರೆ, ನೂರು ವರ್ಷದ ಹಿಂದೆ ನಮ್ಮಂಥವರನ್ನ ತಡೆಯೋಕೆ ಬೋರ್ಡ್ ಹಾಕಿದ್ದ ಜಾಗಗಳು ಸಿಗ್ತವೆ. ಗುಡಿಯೊಳಗಿನ ಮಾತಲ್ಲ ಇದು, ಹೊರಗಿನ ರಸ್ತೆ! ಸರ್ಕಾರದ ದುಡ್ಡಲ್ಲಿ ಆದ ರಸ್ತೆ. ಕ್ರೈಸ್ತರು, ಮುಸ್ಲಿಮರು ಓಡಾಡಬಹುದಿತ್ತು, ನಾಯಿ ದನ ಓಡಾಡಬಹುದಿತ್ತು. ಪುಲಯರು, ಈಳವರು ಕಾಲಿಡುವಂತಿರಲಿಲ್ಲ.

1924ರ ಮಾರ್ಚ್ 30ರಂದು ಮೂವರು ಆ ಬೋರ್ಡಿನತ್ತ ನಡೆದರು. ಪುಲಯ ಕುಂಞಪ್ಪಿ, ಈಳವ ಬಾಹುಲೇಯನ್, ನಾಯರ್ ಗೋವಿಂದ ಪಣಿಕ್ಕರ್. ಪೊಲೀಸರು ಜಾತಿ ಕೇಳಿ, ನಾಯರ್ ಮಾತ್ರ ಹೋಗಬಹುದು ಅಂದ್ರು. ಮೂವರೂ ಒಟ್ಟಿಗೇ ಹೋಗ್ತೀವಿ ಅಂತ ನಿಂತರು, ಒಟ್ಟಿಗೇ ಜೈಲಿಗೆ ಹೋದರು. ಪುಸ್ತಕಗಳು ಟಿ.ಕೆ. ಮಾಧವನ್, ಕೇಶವ ಮೆನನ್ ಬಗ್ಗೆ ಪುಟಗಟ್ಟಲೆ ಬರೀತವೆ. ಕುಂಞಪ್ಪಿಗೆ ಸಿಗೋದು ಬಹಳ ಸಲ ಅರ್ಧ ಸಾಲು. ಪುಲಯರ ಆಮಚಾಡಿ ತೇವನ್ ಕಣ್ಣಿಗೆ ಸುಣ್ಣ ಹಾಕಿದರು ಅನ್ನೋದಂತೂ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆ ವರ್ಷದ ಮಹಾಪ್ರವಾಹದಲ್ಲಿ ಸತ್ಯಾಗ್ರಹಿಗಳು ಎದೆಮಟ್ಟ ನೀರಲ್ಲಿ ನಿಂತರೆ, ಕಾವಲಿನ ಪೊಲೀಸರು ದೋಣಿಯಲ್ಲಿದ್ದರು.

ಮುಂದೆ ಇಂಡಂತುರುತಿ ಮನೆ ಕೇಳ್ಕೊಂಡು ಹೋಗಿ. ಇದು ನಂಬೂದಿರಿ ಜಮೀನ್ದಾರನ ಮನೆ. 1925ರ ಮಾರ್ಚ್‌ನಲ್ಲಿ ಗಾಂಧಿ ಮಾತುಕತೆಗೆ ಇಲ್ಲಿಗೇ ಬಂದರು. ವೈಶ್ಯ ಅಂತ ಅವರನ್ನೂ ಒಳಗೆ ಕರೀಲಿಲ್ಲ, ಹೊರಗಿನ ಮಂಟಪದಲ್ಲಿ ಕೂರಿಸಿದರು. ಇವತ್ತು ಅದೇ ಮನೆ ಹೆಂಡ ಇಳಿಸುವ ಕಾರ್ಮಿಕರ ಸಂಘದ ಕಚೇರಿ. ಅದರ ಮುಂದೆ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ನಗು ತಾನಾಗೇ ಬರುತ್ತೆ.

ಬಸ್ ಸ್ಟ್ಯಾಂಡಿನಲ್ಲಿ ನಗು ಬರಲ್ಲ. ಅಲ್ಲಿ ದಳವಾಕೊಳ ಅನ್ನೋ ಕೆರೆ ಇತ್ತು. 19ನೇ ಶತಮಾನದ ಆರಂಭದಲ್ಲಿ, ದಳವಾಯಿ ವೇಲುತಂಬಿಯ ಕಾಲದಲ್ಲಿ, ಗುಡಿ ಪ್ರವೇಶಿಸಲು ಹೊರಟ ಈಳವ ಯುವಕರನ್ನು ಕೊಂದು ಈ ಕೆರೆಗೆ ಎಸೆದರು ಅಂತ ಊರಿನ ನೆನಪು. ಕೆರೆ ಮುಚ್ಚಿದೆ, ಮೇಲೆ ಬಸ್ಸು ನಿಲ್ತವೆ. 1924ಕ್ಕಿಂತ ಒಂದು ಶತಮಾನ ಮೊದಲೇ ಇಲ್ಲಿ ನಡೆದವರಿದ್ದರು, ಆದ್ರೆ ಅವರ ಜೊತೆ ಯಾವ ಪತ್ರಿಕೆಯೂ ಇರಲಿಲ್ಲ, ಯಾವ ಮಹಾತ್ಮನೂ ಬರಲಿಲ್ಲ.

ಪೆರಿಯಾರ್ ಸ್ಮಾರಕ ಬಿಡಬೇಡಿ. ನಾಯಕರೆಲ್ಲ ಜೈಲು ಸೇರಿದಾಗ ತಮಿಳುನಾಡಿಂದ ಬಂದು ಚಳವಳಿ ಎತ್ತಿ ಹಿಡಿದು, ಎರಡು ಸಲ ಜೈಲಿಗೆ ಹೋದವರು ಅವರು. ಪತ್ನಿ ನಾಗಮ್ಮೈ ಕೂಡ ಹೋರಾಟಕ್ಕಿಳಿದರು. ನವೀಕರಿಸಿದ ಸ್ಮಾರಕ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯ್ತು. ತಮಿಳುನಾಡು ಸರ್ಕಾರದ ಆ ವರ್ಷದ ವೈಕೋಮ್ ಪ್ರಶಸ್ತಿ ನಮ್ಮ ದೇವನೂರ ಮಹಾದೇವ ಅವರಿಗೆ ಸಂದಿತು.

ಪೂರ್ವದ ಬೀದಿಯನ್ನ ಕೊನೆಗೆ ಇಟ್ಕೊಳ್ಳಿ. ರಸ್ತೆ ಎಲ್ಲರಿಗೂ ತೆರೆಯಬೇಕೆಂಬ ನಿರ್ಣಯ ತಿರುವಾಂಕೂರು ಶಾಸನಸಭೆಯಲ್ಲಿ 22–21ರಿಂದ, ಒಂದೇ ಒಂದು ಮತದಿಂದ ಬಿತ್ತು. 603 ದಿನಗಳ ಸತ್ಯಾಗ್ರಹ 1925ರ ನವೆಂಬರ್‌ನಲ್ಲಿ ಮುಗಿದದ್ದು ರಾಜಿಯಲ್ಲಿ. ಮೂರು ದಿಕ್ಕಿನ ರಸ್ತೆ ತೆರೆದವು, ಪೂರ್ವದ್ದು ಸವರ್ಣರಿಗೇ ಉಳೀತು. ಇದನ್ನ ಪೂರ್ತಿ ಗೆಲುವು ಅಂತ ಬರೆಯೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಆ ನಾಲ್ಕನೇ ಬೀದಿಯಲ್ಲಿ ಕುಂಞಪ್ಪಿಯ ಜನ ನಡೆಯೋಕೆ 1936ರ ನವೆಂಬರ್ 12ರ ದೇವಾಲಯ ಪ್ರವೇಶ ಘೋಷಣೆವರೆಗೆ, ಇನ್ನೂ 11 ವರ್ಷ ಕಾಯಬೇಕಾಯ್ತು.

ಜೈಭೀಮ್.