ಗೇರು: ಹೆಸರು ಒಂದು, ಎಚ್ಚರ ಎರಡು

ಸಿದ್ದಾಪುರ ಸೀಮೆಯ ಮದುವೆ ಮನೆಗಳ ಪಾಯಸದಲ್ಲಿ ತೇಲುವ ಗೋಡಂಬಿ ಮೂಲತಃ ಈ ನಾಡಿನದಲ್ಲ. ಬ್ರೆಜಿಲ್ ಕಡೆಯ ಈ ಮರವನ್ನು 16ನೇ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಮರ ಹೊಸದು, ಹೆಸರು ಮಾತ್ರ ಹಳೆಯದು.

ಗೇರು ಅಥವಾ ಕೇರು ಎಂಬುದು ಇಲ್ಲಿನ ಕಾಡುಮರದ ಹೆಸರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಇದರ ಕಾಯಿಯ ಕಪ್ಪು ರಸದಿಂದ. ಆಯುರ್ವೇದದ ಭಲ್ಲಾತಕವೂ ಇದೇ. ಮರಾಠಿಯಲ್ಲಿ 'ಗೋಡಂಬಿ' ಎಂದರೆ ಇಂದಿಗೂ ಕೇರುಬೀಜದ ತಿರುಳು. ಹೀಗೆ ಪರದೇಶದ ಮರಕ್ಕೆ ಕನ್ನಡದಲ್ಲಿ ಎರಡು ಹೆಸರುಗಳೂ ಕೇರಿನಿಂದಲೇ ಬಂದವು. ಸಸ್ಯಶಾಸ್ತ್ರದ ಪ್ರಕಾರವೂ ಇವು ಒಂದೇ ಕುಟುಂಬದವು. ಮಾವು, ಪಿಸ್ತಾಗಳೂ ಅದೇ ಬಳಗ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕಾಡಿನಲ್ಲಿ ಸಿಕ್ಕ ಕೇರಿನ ಹೊಸ ಪ್ರಭೇದವೊಂದಕ್ಕೆ 2000ದಲ್ಲಿ ಆ ಕಾಡಿನ ಹೆಸರನ್ನೇ ಇಡಲಾಯಿತು.

ಕೇರಿನ ಸೊನೆ ತಾಗಿದರೆ ಮೈ ಊದಿ ಗುಳ್ಳೆ ಏಳುತ್ತದೆ ಎಂಬುದು ಕಾಡಂಚಿನವರಿಗೆ ತಲೆಮಾರುಗಳಿಂದ ಗೊತ್ತು. ಗೋಡಂಬಿಯ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುತ್ತದೆ. ಆದ್ದರಿಂದಲೇ ಬೀಜವನ್ನು ಸುಟ್ಟು ಅಥವಾ ಹಬೆಯಲ್ಲಿ ಬೇಯಿಸಿ ಒಡೆಯುತ್ತಾರೆ. ಸಿಪ್ಪೆ ಹೋದರೆ ಅಪಾಯವೂ ಹೋಯಿತು ಎಂಬುದು ಹಳೆಯ ತಿಳಿವಳಿಕೆ. ಹೆಚ್ಚಿನವರ ಮಟ್ಟಿಗೆ ಅದು ಸರಿ.

ಆದರೆ ಅಲರ್ಜಿ ಇರುವವರಿಗೆ ಅಪಾಯ ಇರುವುದು ತಿರುಳಿನಲ್ಲೇ. 'ಅಲರ್ಜಿ' ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಇಂಥವರ ದೇಹ ತಿರುಳಿನ ಪ್ರೋಟೀನನ್ನೇ ಶತ್ರುವೆಂದು ಎಣಿಸುತ್ತದೆ. ತುಪ್ಪದಲ್ಲಿ ಹುರಿದರೂ ಅಪಾಯ ತಪ್ಪದು. ಕೆಲವೇ ನಿಮಿಷಗಳಲ್ಲಿ ತುಟಿ ಊದಬಹುದು, ಉಸಿರು ಕಟ್ಟಬಹುದು, ರಕ್ತದೊತ್ತಡ ಕುಸಿಯಬಹುದು. ಆಗ ಜೀವ ಉಳಿಸುವುದು ತಡಮಾಡದೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಗೋಡಂಬಿ ಆಗದ ಅನೇಕರಿಗೆ ಪಿಸ್ತಾ ಕೂಡ ಆಗದು. ಶೇಂಗಾ ದ್ವಿದಳ ಧಾನ್ಯದ ಜಾತಿ. ಅದರ ಅಲರ್ಜಿಯನ್ನು ಬೇರೆಯಾಗಿಯೇ ಪರೀಕ್ಷಿಸಿಕೊಳ್ಳಬೇಕು.

ಪೊಟ್ಟಣದ ತಿನಿಸಿನಲ್ಲಿ ಶೇಂಗಾ, ಗೋಡಂಬಿಯಂಥವು ಇದ್ದರೆ ಅದನ್ನು ನಮೂದಿಸಬೇಕೆಂದು 2020ರ ಕೇಂದ್ರ ನಿಯಮ ಹೇಳುತ್ತದೆ. ಪಂಕ್ತಿಯ ಬಾಳೆಲೆಗೆ ಅಂಥ ಚೀಟಿ ಇಲ್ಲ. ಕಣ್ಣಿಗೆ ಕಾಣುವ ಗೋಡಂಬಿಯನ್ನು ಎಲೆಯ ಅಂಚಿಗೆ ಸರಿಸಿದರೆ ಸಾಲದು. ಅರೆದು ಬೆರೆಸಿದ್ದು ಕಾಣುವುದಿಲ್ಲ, ಒಂದರ ಸೌಟು ಇನ್ನೊಂದಕ್ಕೆ ಹೋಗಿರುತ್ತದೆ. ಬೇಡವೆಂದರೂ ಬಡಿಸುವುದು ಇಲ್ಲಿನ ಉಪಚಾರ. ಬೇಡವೆನ್ನುವುದು ಅತಿಥಿಗೆ ಸಂಕೋಚ. ಅಡುಗೆಯವರಿಗೆ ಮುಂಚಿತವಾಗಿ ತಿಳಿಸುವುದೇ ದಾರಿ.

ಕೇರಿನ ಮರದ ಹತ್ತಿರ ಹೋಗಬೇಡ ಎಂದು ಮಕ್ಕಳಿಗೆ ಹೇಳಲು ಹಿರಿಯರು ಎಂದೂ ಸಂಕೋಚಪಟ್ಟವರಲ್ಲ. ಅದೇ ಮಾತನ್ನು ಪಂಕ್ತಿಯಲ್ಲಿ ಹೇಳುವುದೂ ಅಗೌರವವಲ್ಲ.